ಹೊರಗೆ ನಿಂತು ಮನೆಯನ್ನು ನೋಡಿದವರು

ಕನ್ನಡ ಓದುಗರಿಗೆ ಡೆನ್ಮಾರ್ಕ್ ತೀರ ಅಪರಿಚಿತ ದೇಶವೇನಲ್ಲ. ಹ್ಯಾಮ್ಲೆಟ್ ಆ ದೇಶದ ರಾಜಕುಮಾರ. ಅವನ ಕಥೆಯನ್ನು ಕುವೆಂಪು ಅವರು 'ರಕ್ತಾಕ್ಷಿ'ಯಲ್ಲಿ ಬಿದನೂರಿನ ಅರಮನೆಗೆ ತಂದಿರಿಸಿದರು. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಕುರೂಪಿ ಬಾತುಮರಿಯ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ವಿರಳ. ಆದರೆ ಹ್ಯಾಮ್ಲೆಟ್ ಒಬ್ಬ ಇಂಗ್ಲಿಷ್ ಕವಿ ಕಂಡ ಡೇನ್. ಆಂಡರ್ಸನ್ ನಮ್ಮ ಪಾಲಿಗೆ ಮಕ್ಕಳ ಅಜ್ಜ. ಡೇನರು ತಮ್ಮ ಜನರ ಗುಣಸ್ವಭಾವಗಳ ಬಗ್ಗೆ ತಾವೇ ಏನು ಹೇಳಿಕೊಂಡಿದ್ದಾರೆ, ಪರದೇಶದಲ್ಲಿ ನೆಲೆಸಿದವರು ತಾಯ್ನಾಡನ್ನು ಹೇಗೆ ನೆನೆದಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚು ಚರ್ಚೆಯಾಗಿಲ್ಲ.

ಗಡಿನಾಡಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಡೆನ್ಮಾರ್ಕಿನ ಮಾತೇಕೆ ಎಂದು ಕೇಳುವ ಹಿರಿಯರು ಇದ್ದಾರು. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು ಅರುವತ್ತು ಲಕ್ಷ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ. ಎಂದರೆ ಅವರು ನಮ್ಮ ಏಳರಲ್ಲಿ ಒಂದು ಪಾಲು. ಅಷ್ಟು ಚಿಕ್ಕ ಭಾಷೆಯಲ್ಲಿ ಹುಟ್ಟಿದ ಲೇಖಕನಿಗೆ ಹೊರಗಿನ ಜಗತ್ತು ಬಾಗಿಲಲ್ಲೇ ಇರುತ್ತದೆ. ಹೊರಗೆ ಹೋದವನು ಒಮ್ಮೆಯಾದರೂ ತಿರುಗಿ ಮನೆಯ ಕಡೆಗೆ ನೋಡುತ್ತಾನೆ. ಹಾಗೆ ನೋಡಿದವನು ಕಂಡದ್ದನ್ನು ಹೇಗೆ ಹೇಳಬೇಕು? ಹೊಗಳಬೇಕೆ, ಹಂಗಿಸಬೇಕೆ? ಈ ಪ್ರಶ್ನೆ ಅವರದೆಂತೋ ನಮ್ಮದೂ ಅಂತೆಯೇ. ನಾವು ಮನೆ ಬಿಟ್ಟು ಹೋದವರಲ್ಲ, ನಿಜ. ನಮ್ಮನ್ನು ಕೂತಲ್ಲೇ ಬಿಟ್ಟು ಗಡಿ ಆಚೆಗೆ ಸರಿಯಿತು. ಆದರೂ ಹೊರಗೆ ನಿಂತು ನೋಡುವ ಪಾಡು ಒಂದೇ.

ಮೂವರು ಡೇನರ ಕೃತಿಗಳನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಒಂದು ಕಾದಂಬರಿ, ಚಲನಚಿತ್ರವಾದ ಒಂದು ಕಥೆ, ಕೊನೆಗೆ ಒಂದು ಆಟ. ಪರರ ವಿಚಿತ್ರಗಳನ್ನು ಕುರಿತು ಬರೆಯುವುದು ಸುಲಭ, ತನ್ನವರ ವಿಚಿತ್ರಗಳನ್ನು ಕುರಿತು ಬರೆಯುವುದು ಅದಕ್ಕಿಂತ ಕಷ್ಟ. ಆದರೆ ಆ ವಿಚಿತ್ರದಲ್ಲಿ ತನ್ನ ಪಾಲನ್ನೂ ಎಣಿಸಿಕೊಂಡು ಬರೆದಾಗ ಮಾತ್ರ ಅದು ಬೆಲೆಯುಳ್ಳ ಸಾಹಿತ್ಯವಾಗುತ್ತದೆ ಎಂಬುದು ಈ ಮೂರರಿಂದ ನನಗೆ ತಿಳಿದ ಸಂಗತಿ.

1

ಆಕ್ಸೆಲ್ ಸಾಂಡೆಮೋಸೆ ಹುಟ್ಟಿದ್ದು 1899ರಲ್ಲಿ, ಡೆನ್ಮಾರ್ಕಿನ ಮೋರ್ಸ್ ದ್ವೀಪದ ನ್ಯೂಕೋಬಿಂಗ್ ಎಂಬ ಸಣ್ಣ ಪಟ್ಟಣದಲ್ಲಿ. ದುಡಿಮೆಗಾರರ ಮನೆ, ತಾಯಿ ನಾರ್ವೆಯ ಮೂಲದವಳು. ಹರೆಯದಲ್ಲಿ ಹಡಗು ಹತ್ತಿದನು, ದೂರದ ನ್ಯೂಫೌಂಡ್‌ಲ್ಯಾಂಡನ್ನು ಕಂಡನು. ಮೊದಲ ಪುಸ್ತಕಗಳನ್ನು ಡ್ಯಾನಿಷ್ ಭಾಷೆಯಲ್ಲಿ ಬರೆದನು. 1930ರಲ್ಲಿ ನಾರ್ವೆಗೆ ಹೋಗಿ ನೆಲೆಸಿದ ಮೇಲೆ ನಾರ್ವೇಜಿಯನ್ ಭಾಷೆಯನ್ನೇ ಬರವಣಿಗೆಯ ಭಾಷೆಯಾಗಿ ಮಾಡಿಕೊಂಡನು. 1933ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಕಾದಂಬರಿಯ ಹೆಸರನ್ನು ಕನ್ನಡದಲ್ಲಿ 'ಓಡಿಹೋದವನು ತನ್ನ ಹೆಜ್ಜೆಯನ್ನೇ ದಾಟುತ್ತಾನೆ' ಎನ್ನಬಹುದು. ಕಥೆಯ ನಾಯಕ ಎಸ್ಪೆನ್ ಅರ್ನಾಕೆ, ಹದಿಹರೆಯದಲ್ಲಿ ಮಿಸರಿ ಹಾರ್ಬರ್ ಎಂಬ ದೂರದ ಬಂದರಿನಲ್ಲಿ ಒಬ್ಬ ಮನುಷ್ಯನನ್ನು ಕೊಂದವನು. ಅನೇಕ ವರ್ಷಗಳು ಕಳೆದ ಮೇಲೆ, ನಾರ್ವೆಯಲ್ಲಿ ಹೆಂಡತಿ ಮಕ್ಕಳೊಡನೆ ನೆಮ್ಮದಿಯಾಗಿದ್ದಾಗ, ತನ್ನೊಳಗಿನ ಕೊಲೆಗಾರನು ಎಲ್ಲಿ ಹುಟ್ಟಿದನು ಎಂದು ಹುಡುಕುತ್ತ ಹಿಂದಕ್ಕೆ ಹೋಗುತ್ತಾನೆ. ಆ ಹುಡುಕಾಟ ಅವನನ್ನು ತನ್ನ ಬಾಲ್ಯದ ಊರಿಗೆ ಕರೆದೊಯ್ಯುತ್ತದೆ. ಆ ಊರಿಗೆ ಲೇಖಕನಿತ್ತ ಹೆಸರು ಯಾಂಟೆ.

ಯಾಂಟೆಯಲ್ಲಿ ಬರೆಯದ ಒಂದು ಕಟ್ಟಳೆಯಿದೆ. ಹತ್ತು ವಿಧಿಗಳ ಕಟ್ಟಳೆ; ಮೋಶೆಯ ಹತ್ತು ಆಜ್ಞೆಗಳ ಅಣಕದಂತಿದೆ. ಊರಿನಲ್ಲಿ ಹುಟ್ಟಿದವನಿಗೆ ತಾನು ಇತರರಿಗಿಂತ ಒಂದು ತೂಕ ಹೆಚ್ಚು ಎಂದು, ಜಾಣನೆಂದು, ಒಳ್ಳೆಯವನೆಂದು ಎಣಿಸುವ ಹಕ್ಕನ್ನು ಅದು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಊರವರನ್ನು ನೋಡಿ ನಗುವುದನ್ನು, ತನ್ನ ಮೇಲೆ ಯಾರಿಗಾದರೂ ಅಕ್ಕರೆಯಿದೆಯೆಂದು ನಂಬುವುದನ್ನು, ತಾನು ಇತರರಿಗೆ ಏನನ್ನಾದರೂ ಕಲಿಸಬಲ್ಲೆನೆಂಬ ಭಾವನೆಯನ್ನು ನಿಷೇಧಿಸುತ್ತದೆ. ಇಷ್ಟಕ್ಕೇ ಮುಗಿಯದೆ ಕೊನೆಗೊಂದು ಬೆದರಿಕೆಯೂ ಇದೆ: ನಿನ್ನ ಗುಟ್ಟೇನೋ ನಮಗೆ ಗೊತ್ತು ಎಂಬ ಇಂಗಿತ. ಆ ಇಂಗಿತವೇ ಮಗುವಿನ ಬೆನ್ನುಮೂಳೆಯನ್ನು ಬಗ್ಗಿಸುವ ನಿಜವಾದ ಭಾರ.

'ಹಿತ್ತಲ ಗಿಡ ಮದ್ದಲ್ಲ' ಎಂಬ ನಮ್ಮ ಗಾದೆ ಇಲ್ಲಿ ತಟ್ಟನೆ ನೆನಪಾಗುತ್ತದೆ. ಆದರೆ ಎರಡರ ನಡುವೆ ಸೂಕ್ಷ್ಮವಾದ ಅಂತರವಿದೆ. ಗಾದೆ ಗಿಡದ ಪರವಾಗಿ ಮರುಗುತ್ತದೆ. ಮನೆಯವರ ಕುರುಡನ್ನು ತೋರಿಸುತ್ತದೆ. ಯಾಂಟೆಯ ಕಟ್ಟಳೆಯಾದರೋ ಮನೆಯವರ ಬಾಯಿಂದಲೇ ಬಂದದ್ದು. ಅಲ್ಲಿ ಗಿಡವೂ ತಾನು ಮದ್ದಲ್ಲವೆಂದು ನಂಬಿಬಿಟ್ಟಿದೆ. ಪಕ್ಕದ ಗಿಡ ಹೂ ಬಿಟ್ಟರೆ ಅದನ್ನು ಚಿವುಟಲು ತಾನೇ ಮುಂದಾಗುತ್ತದೆ.

ಕಾದಂಬರಿಯ ಹಿರಿಮೆ ಇರುವುದು ಈ ಕೊನೆಯ ಅಂಶದಲ್ಲಿ. ಸಾಂಡೆಮೋಸೆ ಯಾಂಟೆಯ ಜನರನ್ನು ದುಷ್ಟರನ್ನಾಗಿ ಚಿತ್ರಿಸಿ ತಾನು ದೂರ ನಿಲ್ಲುವುದಿಲ್ಲ. ಅಲ್ಲಿನವರು ಬಡವರು, ದುಡಿದು ದಣಿದವರು. ಮೇಲಿನವರಿಂದ ತುಳಿಸಿಕೊಂಡವರು ತಮ್ಮತಮ್ಮಲ್ಲೇ ಒಬ್ಬರನ್ನೊಬ್ಬರು ತುಳಿಯುತ್ತಾರೆ. ಪ್ರತಿಯೊಬ್ಬನೂ ಕಟ್ಟಳೆಗೆ ಬಲಿ, ಪ್ರತಿಯೊಬ್ಬನೂ ಅದರ ಕಾವಲುಗಾರ. ಎಸ್ಪೆನ್ ತಾನೂ ಅದಕ್ಕೆ ಹೊರತಲ್ಲ. ಕೊಲೆ ಮಾಡಿದ ಕೈ ಅವನದೇ. ಊರಿನ ಮೇಲೆ ದೂರು ಹೇಳುತ್ತ ಹೋದಂತೆ ಅದು ತನ್ನ ತಪ್ಪೊಪ್ಪಿಗೆಯಾಗಿ ಮಾರ್ಪಡುತ್ತದೆ. ಶೀರ್ಷಿಕೆಯ ಅರ್ಥವೂ ಅದೇ: ಓಡಿದವನು ಸುತ್ತಿ ಬಳಸಿ ತನ್ನ ಹೆಜ್ಜೆ ಮೂಡಿದಲ್ಲಿಗೇ ಬಂದು ನಿಲ್ಲುತ್ತಾನೆ.

ಡ್ಯಾನಿಷ್ ಮತ್ತು ನಾರ್ವೇಜಿಯನ್ ಬರಹಗಳು ಪರಸ್ಪರ ಓದಿದರೆ ಅರ್ಥವಾಗುವಷ್ಟು ಹತ್ತಿರದವು. ಆದರೂ ತಾಯ್ನುಡಿಯ ಪಕ್ಕದ ಭಾಷೆಯಲ್ಲಿ ಕುಳಿತು ತಾಯೂರಿನ ಕಥೆಯನ್ನು ಬರೆದುದರಲ್ಲಿ ಒಂದು ಅರ್ಥವಿದೆ. ಬೈಗುಳವೂ ಲಾಲಿಯೂ ಕಿವಿಗೆ ಬಿದ್ದ ಭಾಷೆಯಲ್ಲಿ ಕೆಲವು ಮಾತುಗಳು ಗಂಟಲಲ್ಲೇ ಉಳಿಯುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ಅವು ಹೊರಬರುತ್ತವೆ. ಸಾಂಡೆಮೋಸೆ ಭಾಷೆಯನ್ನು ಬಿಟ್ಟನೆಂದು ದೂರುವ ಮೊದಲು, ಆ ಸರಿಯುವಿಕೆಯಿಂದ ಅವನ ತಾಯ್ನಾಡಿಗೆ ಆದ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದೆ ಈ ಕಟ್ಟಳೆಗೆ ಒದಗಿದ ಗತಿ ಸ್ವಾರಸ್ಯಕರ. ಇಂದು ಉತ್ತರ ಯುರೋಪಿನಲ್ಲಿ ಕಾದಂಬರಿಯನ್ನು ಓದದವರಿಗೂ ಯಾಂಟೆಯ ಹೆಸರು ಗೊತ್ತು. ನಮ್ಮಲ್ಲಿ ಆಡಂಬರವಿಲ್ಲ, ನಾವೆಲ್ಲರೂ ಸಮಾನರು ಎಂದು ಹೇಳಿಕೊಳ್ಳುವುದಕ್ಕೆ ಅದನ್ನು ಬಳಸುವವರಿದ್ದಾರೆ. ಮುಂದೆ ಬರಲು ಯತ್ನಿಸುವವರನ್ನು ಹಿಂದಕ್ಕೆಳೆಯುವ ಚಾಳಿಗೆ ಅದೇ ಹೆಸರಿಟ್ಟು ಬೈಯುವವರೂ ಇದ್ದಾರೆ. ಒಬ್ಬ ಹುಡುಗನ ಉಸಿರು ಕಟ್ಟಿಸಿದ ಮಾತುಗಳು ದೇಶದ ಸ್ವಭಾವವನ್ನು ಪರಕೀಯರಿಗೆ ತೋರಿಸುವ ನಗೆಯ ಸರಕಾಗಿವೆ. ಇದನ್ನು ಕಾದಂಬರಿಯ ಗೆಲುವೆಂದು ಕೆಲವರು ಹೇಳಬಹುದು. ನನಗೆ ಅದು ಸೋಲಿನಂತೆ ಕಾಣುತ್ತದೆ. ಹತ್ತು ವಿಧಿಗಳು ಉಳಿದವು, ಅವುಗಳ ಕೆಳಗಿದ್ದ ಹೆಣ ಮರೆಯಾಯಿತು. ನಾರ್ವೆಯ ನಿರ್ದೇಶಕ ನಿಲ್ಸ್ ಗೌಪ್ 1999ರಲ್ಲಿ 'ಮಿಸರಿ ಹಾರ್ಬರ್' ಎಂಬ ಚಿತ್ರವನ್ನು ತೆಗೆದಾಗ ಕೊಲೆಯ ಬಂದರಿನ ಹೆಸರನ್ನೇ ಶೀರ್ಷಿಕೆಯಾಗಿ ಇಟ್ಟದ್ದು ಈ ಕಾರಣಕ್ಕಾಗಿ ನನಗೆ ಮೆಚ್ಚುಗೆಯಾಯಿತು.

2

ಎರಡನೆಯವಳು ಕರೆನ್ ಬ್ಲಿಕ್ಸೆನ್. ಇಂಗ್ಲಿಷ್ ಓದುಗರಿಗೆ ಐಸಾಕ್ ದಿನೆಸನ್ ಎಂಬ ಗಂಡುಹೆಸರಿನಿಂದ ಪರಿಚಿತಳು. 1914ರಿಂದ 1931ರವರೆಗೆ ಕೆನ್ಯಾದಲ್ಲಿ ಕಾಫಿ ತೋಟ ನಡೆಸಿ, ಅದು ನಷ್ಟದಲ್ಲಿ ಮುಳುಗಿದ ಮೇಲೆ ಡೆನ್ಮಾರ್ಕಿಗೆ ಮರಳಿದಳು. ಮೊದಲ ಕಥಾಸಂಕಲನವನ್ನು ಇಂಗ್ಲಿಷಿನಲ್ಲಿ ಬರೆದು 1934ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದಳು. ಮರುವರ್ಷ ಅದನ್ನು ತಾನೇ ಡ್ಯಾನಿಷ್ ಭಾಷೆಗೆ ತಂದಳು. 1937ರಲ್ಲಿ ಬಂದ ಅವಳ ಆಫ್ರಿಕಾದ ನೆನಪುಗಳ ಪುಸ್ತಕ ಜಗತ್ಪ್ರಸಿದ್ಧ. ಅದರ ಗದ್ಯದ ಸೊಬಗನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ನೆಲದವನೇ ಆದ ಗೂಗಿ ವಾ ಥಿಯಾಂಗೊ ಅದರಲ್ಲಿನ ಜನಾಂಗೀಯ ದೃಷ್ಟಿಯನ್ನು ಕಟುವಾಗಿ ಖಂಡಿಸಿದನು. ತೋಟದ ಒಡತಿ ತನ್ನ ಕೆಲಸದವರನ್ನು ಪ್ರೀತಿಯಿಂದಲೇ ನೋಡುತ್ತಾಳೆ. ಆದರೆ ಆ ಪ್ರೀತಿ ಹಲವೆಡೆ ಕಾಡಿನ ಮೃಗಗಳ ಮೇಲಿನ ಮೆಚ್ಚುಗೆಯೊಡನೆ ಒಂದೇ ಸಾಲಿನಲ್ಲಿ ಕುಳಿತುಬಿಡುತ್ತದೆ. ನೆಲ ಯಾರದಾಗಿತ್ತು ಎಂಬ ಪ್ರಶ್ನೆ ಅವಳಿಗೆ ತಿಳಿಯದ್ದಲ್ಲ; ಆದರೆ ಅದು ಅವಳ ಹಣೆಯಲ್ಲಿ ಬೆವರು ತರುವುದಿಲ್ಲ. ಪರದೇಶದಲ್ಲಿ ಕುಳಿತು ಪರರ ಸ್ವಭಾವವನ್ನು ಬಣ್ಣಿಸುವವನ ಬರಹ ಎಷ್ಟು ಚೆಲುವಾಗಿದ್ದರೂ, ಅಲ್ಲಿ ತನ್ನ ಸ್ಥಾನವೇನೆಂದು ಕೇಳಿಕೊಳ್ಳದಿದ್ದರೆ ಕುಂಟುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಅದೇ ಬ್ಲಿಕ್ಸೆನ್ 1950ರಲ್ಲಿ ಅಮೆರಿಕದ ಮಹಿಳಾ ಮಾಸಪತ್ರಿಕೆಯೊಂದಕ್ಕೆ 'ಬಾಬೆಟ್ಟೆಯ ಔತಣ' ಎಂಬ ಕಥೆಯನ್ನು ಬರೆದಳು. ನಾರ್ವೆಯ ಉತ್ತರ ತುದಿಯ ಒಂದು ಮೀನುಗಾರರ ಊರು. ಅಲ್ಲಿ ಪಾದ್ರಿಯೊಬ್ಬನ ಇಬ್ಬರು ಹೆಣ್ಣುಮಕ್ಕಳು ತಂದೆ ಕಟ್ಟಿದ ಕಟ್ಟುನಿಟ್ಟಿನ ಪಂಥವನ್ನು ಕಾಯುತ್ತ ಅವಿವಾಹಿತರಾಗಿ ಮುದುಕಿಯರಾಗಿದ್ದಾರೆ. ನಾಲಗೆಯ ರುಚಿಯನ್ನೂ ಪಾಪವೆಂದು ಬಗೆದ ಜನ. 1871ರ ಪ್ಯಾರಿಸ್ ಬಂಡಾಯದಲ್ಲಿ ಎಲ್ಲವನ್ನೂ ಕಳೆದುಕೊಂಡ ಬಾಬೆಟ್ಟೆ ಎಂಬ ಹೆಂಗಸು ಅವರ ಮನೆಯಲ್ಲಿ ಆಶ್ರಯ ಪಡೆದು ಅಡುಗೆಯವಳಾಗುತ್ತಾಳೆ. ಒಣಮೀನಿನ ಸಾರು ಬೇಯಿಸುತ್ತ ವರ್ಷಗಳನ್ನು ಕಳೆಯುತ್ತಾಳೆ. ಒಮ್ಮೆ ಲಾಟರಿಯಲ್ಲಿ ಅವಳಿಗೆ ಹತ್ತು ಸಾವಿರ ಫ್ರಾಂಕ್ ಬರುತ್ತದೆ. ಪಾದ್ರಿಯ ನೂರನೆಯ ಹುಟ್ಟುಹಬ್ಬದ ದಿನ ಅಷ್ಟನ್ನೂ ಖರ್ಚು ಮಾಡಿ ಹನ್ನೆರಡು ಮಂದಿಗೆ ಒಂದು ಫ್ರೆಂಚ್ ಔತಣ ನೀಡುತ್ತಾಳೆ. ಊಟದ ಬಗ್ಗೆ ಒಂದು ಮಾತನ್ನೂ ಆಡಬಾರದೆಂದು ಮುದುಕರು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ. ಬಡಿಸುತ್ತ ಹೋದಂತೆ ಹಳೆಯ ಜಗಳಗಳು ಕರಗುತ್ತವೆ, ದಶಕಗಳ ಕಹಿ ಇಳಿಯುತ್ತದೆ. ಪ್ಯಾರಿಸಿನ ಹೆಸರಾಂತ ಭೋಜನಗೃಹದ ಮುಖ್ಯ ಅಡುಗೆಯವಳು ಅವಳೇ ಆಗಿದ್ದಳೆಂದು ಕೊನೆಗೆ ತಿಳಿಯುತ್ತದೆ.

1987ರಲ್ಲಿ ಗೇಬ್ರಿಯಲ್ ಆಕ್ಸೆಲ್ ಈ ಕಥೆಯನ್ನು ಡ್ಯಾನಿಷ್ ಚಲನಚಿತ್ರವಾಗಿಸಿದನು. ಮರುವರ್ಷ ಅದಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂದಿತು. ಪ್ರಶಸ್ತಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಕಥೆಯ ನಾರ್ವೆಯನ್ನು ಆಕ್ಸೆಲ್ ಚಿತ್ರದಲ್ಲಿ ಡೆನ್ಮಾರ್ಕಿನದೇ ಆದ ಯೂಟ್ಲೆಂಡಿನ ಕರಾವಳಿಗೆ ತಂದನು. ಬ್ಲಿಕ್ಸೆನ್ ಬರೆದಾಗ ಅದು ಡ್ಯಾನಿಷ್ ಲೇಖಕಿಯೊಬ್ಬಳು ನೆರೆನಾಡಿನ ಮಡಿವಂತರನ್ನು ನೋಡಿ ಮುಗುಳ್ನಕ್ಕ ಕಥೆ. ಆಕ್ಸೆಲನ ಕೈಯಲ್ಲಿ ಅದು ಡೇನರು ತಮ್ಮ ಅಜ್ಜ ಅಜ್ಜಿಯರನ್ನು ನೋಡಿ ನಗುವ, ನಗುತ್ತ ಕಣ್ಣೊರೆಸಿಕೊಳ್ಳುವ ಕಥೆಯಾಯಿತು. ಬೂದು ಆಕಾಶ, ತಗ್ಗಾದ ಮನೆಗಳು, ಕಪ್ಪು ಬಟ್ಟೆಯ ಮುದುಕರು, ಬಾಯಲ್ಲಿ ಸುರಿದ ರಸಕ್ಕೆ ಮುಖ ಅರಳಿದರೂ ಮಾತು ಬಾರದ ಆ ಕ್ಷಣ: ಇವುಗಳಲ್ಲಿ ಹೀಯಾಳಿಕೆ ಎಳ್ಳಷ್ಟೂ ಇಲ್ಲ. ಆಕ್ಸೆಲನ ಬಾಲ್ಯದ ಬಹುಪಾಲು ಪ್ಯಾರಿಸಿನಲ್ಲಿ ಕಳೆದಿತ್ತು. ಔತಣ ಉಣ್ಣುವ ಮೂಕ ಮುದುಕರೂ ಔತಣ ಬಡಿಸುವ ಪರದೇಶಿಯೂ ಅವನಿಗೆ ಸ್ವಂತ ಬಳಗವೇ. ಎರಡು ಕಡೆಯೂ ಋಣವಿದ್ದವನಿಂದ ಮಾತ್ರ ಇಂಥ ಚಿತ್ರ ಸಾಧ್ಯ.

ಇಲ್ಲಿ ಯಾಂಟೆಯ ನೆನಪೂ ಬರುತ್ತದೆ. ತಾನು ಯಾರೆಂಬುದನ್ನು ಬಾಬೆಟ್ಟೆ ವರ್ಷಗಟ್ಟಲೆ ಹೇಳುವುದಿಲ್ಲ, ಕೇಳುವವರೂ ಇಲ್ಲ. ಆದರೆ ಒಂದು ರಾತ್ರಿ ಆ ಊರು ಅವಳ ವಿದ್ಯೆಗೆ ತಲೆಬಾಗುತ್ತದೆ. ಯಾಂಟೆಯಲ್ಲಿ ಬಾಗಿದ ಬೆನ್ನು ಇಲ್ಲಿ ಊಟದ ಮೇಜಿನ ಮುಂದೆ ನೆಟ್ಟಗಾಗುತ್ತದೆ. ಹೊರಗಿನಿಂದ ಬಂದವಳ ಗುಣವನ್ನು ಒಪ್ಪಿಕೊಂಡುದರಿಂದ ಊರು ಏನನ್ನೂ ಕಳೆದುಕೊಳ್ಳಲಿಲ್ಲ. ತನ್ನೊಳಗಿನ ಬಿರುಕುಗಳನ್ನು ಮುಚ್ಚಿಕೊಂಡಿತು.

3

ಮೂರನೆಯವನು ಪೀಟ್ ಹೈನ್. 1905ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ಈತ ಗಣಿತಜ್ಞನೋ ಕವಿಯೋ ವಿನ್ಯಾಸಕಾರನೋ ಎಂದು ಹೇಳುವುದು ಕಷ್ಟ. 1940ರ ಏಪ್ರಿಲಿನಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿಕೊಂಡಿತು. ಆ ದಿನಗಳಲ್ಲಿ 'ಪೊಲಿಟಿಕೆನ್' ಪತ್ರಿಕೆಯಲ್ಲಿ ಕುಂಬೆಲ್ ಎಂಬ ಹೆಸರಿನಿಂದ ಅವನ ಚುಟುಕಗಳು ಬರತೊಡಗಿದವು. ಅವುಗಳಲ್ಲೊಂದು ಕೈಗವಸಿನ ಚುಟುಕ. ಜೋಡಿಯಲ್ಲಿ ಒಂದನ್ನು ಕಳೆದುಕೊಂಡವನು ನೊಂದು ಇನ್ನೊಂದನ್ನೂ ಎಸೆಯುತ್ತಾನೆ. ಆಮೇಲೆ ಕಳೆದದ್ದು ಸಿಗುತ್ತದೆ. ಮೊದಲಿನ ನೋವಿಗಿಂತ ಎರಡನೆಯದು ದೊಡ್ಡದು ಎಂಬಷ್ಟೇ ಅದರ ತಾತ್ಪರ್ಯ. ಸೆನ್ಸಾರಿನವರಿಗೆ ಅದು ತಮಾಷೆ. ಓದಿದ ಡೇನರಿಗೆ ಬೇರೆಯೇ ಅರ್ಥ. ಸ್ವಾತಂತ್ರ್ಯ ಹೋಯಿತು, ಸ್ವಾಭಿಮಾನವನ್ನು ನೀವಾಗಿ ಎಸೆಯಬೇಡಿ.

ನಮ್ಮ ಸೆಖೆಯ ನಾಡಿನಲ್ಲಿ ಕೈಗವಸು ಇಲ್ಲ. ಮಳೆಗಾಲದಲ್ಲಿ ತೋಡು ದಾಟುವಾಗ ಒಂದು ಚಪ್ಪಲಿಯನ್ನು ನೀರಿಗೆ ಕೊಟ್ಟವರು ಎಲ್ಲ ಮನೆಗಳಲ್ಲೂ ಇದ್ದಾರೆ. ಸಿಟ್ಟಿನಿಂದ ಇನ್ನೊಂದನ್ನೂ ಎಸೆದು ಮುಂದೆ ಹೋದವನಿಗೆ, ತೋಡಿನ ತಿರುವಿನಲ್ಲಿ ಬೇರಿಗೆ ಸಿಕ್ಕಿಕೊಂಡ ಮೊದಲನೆಯದು ಕಾಣುವುದುಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಿರಿಯರು ಮಾಡಿದ್ದು ಇಷ್ಟೇ: ಒಂದು ಹೋಯಿತೆಂದು ಇನ್ನೊಂದನ್ನು ಎಸೆಯಲಿಲ್ಲ. ಶಾಲೆ, ಯಕ್ಷಗಾನ, ಸಂಘ, ಇಂಥ ಸಂಚಿಕೆಗಳು, ಎಲ್ಲವೂ ಆ ಉಳಿದ ಚಪ್ಪಲಿಯೇ.

ಪೀಟ್ ಹೈನನ ಆಟದ ಮಾತಿಗೆ ಬರೋಣ. 1942ರ ಡಿಸೆಂಬರಿನಲ್ಲಿ ಅದೇ ಪತ್ರಿಕೆಯಲ್ಲಿ ಅವನು ಒಂದು ಹೊಸ ಆಟವನ್ನು ಪರಿಚಯಿಸಿದನು. ಆಮೇಲೆ ಅದು ಹೆಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಮೆರಿಕದಲ್ಲಿ ಗಣಿತಜ್ಞ ಜಾನ್ ನ್ಯಾಶ್ ಕೂಡ 1948ರ ಸುಮಾರಿಗೆ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡನು. ಜೇನುಹುಟ್ಟಿನಂತೆ ಆರು ಮೂಲೆಯ ಮನೆಗಳುಳ್ಳ, ಸಾಲಿಗೆ ಹನ್ನೊಂದರಂತೆ ಹನ್ನೊಂದು ಸಾಲುಗಳ ಹಾಸು. ಎದುರುಬದುರಿನ ಎರಡು ಅಂಚು ಒಬ್ಬನವು, ಉಳಿದೆರಡು ಇನ್ನೊಬ್ಬನವು. ಸರದಿಯಂತೆ ಒಂದೊಂದು ಕಾಯಿ ಇಡುತ್ತ ತನ್ನ ಎರಡು ಅಂಚುಗಳನ್ನು ಮೊದಲು ಜೋಡಿಸಿದವನು ಗೆದ್ದಂತೆ. ಚೆನ್ನೆಮಣೆಯಲ್ಲಿ ಎದುರಾಳಿಯ ಕಾಯಿಗಳನ್ನು ಬಾಚಿಕೊಳ್ಳುತ್ತೇವೆ. ಹೆಕ್ಸ್‌ನಲ್ಲಿ ಇಟ್ಟ ಕಾಯಿಯನ್ನು ಯಾರೂ ಎತ್ತುವುದಿಲ್ಲ. ಒಬ್ಬನ ದಾರಿಯೇ ಇನ್ನೊಬ್ಬನಿಗೆ ಗೋಡೆ. ಇಬ್ಬರೂ ಸಮವೆಂದು ಈ ಆಟ ಎಂದಿಗೂ ಮುಗಿಯದು. ಇದನ್ನು ಗಣಿತವೇ ಸಾಧಿಸಿ ತೋರಿಸಿದೆ.

ಸೊಗಸಾದ ಆಟ. ಆದರೆ ಗಡಿಯಲ್ಲಿ ಬದುಕುವವನು ಅದನ್ನು ಬದುಕಿನ ಮಾದರಿಯೆಂದು ತಿಳಿದರೆ ಕೆಟ್ಟನು. ಡೇನರ ಇತಿಹಾಸವೇ ಇದಕ್ಕೆ ಉತ್ತರ ಹೇಳಿದೆ. 1864ರ ಯುದ್ಧದಲ್ಲಿ ಅವರು ಶ್ಲೆಸ್ವಿಗ್ ಪ್ರದೇಶವನ್ನು ಕಳೆದುಕೊಂಡರು. 1920ರಲ್ಲಿ ಜನಮತ ಕೇಳಿದಾಗ ಉತ್ತರ ಭಾಗ ಡೆನ್ಮಾರ್ಕಿಗೆ ಮರಳಿತು. ಫ್ಲೆನ್ಸ್‌ಬರ್ಗ್ ಪಟ್ಟಣವನ್ನೊಳಗೊಂಡ ಭಾಗ ಜರ್ಮನಿಯಲ್ಲೇ ಉಳಿಯಿತು. ಗೆರೆಯ ಎರಡು ಬದಿಗಳಲ್ಲೂ ಮತ್ತೊಬ್ಬರ ಭಾಷೆಯವರು ಉಳಿದರು. 1955ರಲ್ಲಿ ಬಾನ್ ಮತ್ತು ಕೋಪನ್‌ಹೇಗನ್ನುಗಳಿಂದ ಎರಡು ಘೋಷಣೆಗಳು ಹೊರಟವು. ತಾನು ಯಾವ ಸಂಸ್ಕೃತಿಗೆ ಸೇರಿದವನೆಂದು ಹೇಳಿಕೊಳ್ಳಲು ಪ್ರತಿಯೊಬ್ಬನೂ ಸ್ವತಂತ್ರನು. ಅದನ್ನು ಸರಕಾರದವರು ಪರೀಕ್ಷಿಸಕೂಡದು ಎಂದು ಅವು ಸಾರಿದವು. ಫ್ಲೆನ್ಸ್‌ಬರ್ಗಿನಲ್ಲಿ 1869ರಲ್ಲಿ ಹುಟ್ಟಿದ ಡ್ಯಾನಿಷ್ ಪತ್ರಿಕೆ ಈಗಲೂ ಹೊರಡುತ್ತಿದೆ. ಡ್ಯಾನಿಷ್ ಶಾಲೆಗಳು ನಡೆಯುತ್ತಿವೆ. ಅಲ್ಲಿ ಒಬ್ಬನ ದಾರಿ ಇನ್ನೊಬ್ಬನಿಗೆ ಗೋಡೆಯಾಗಲಿಲ್ಲ. ಮನುಷ್ಯರ ಹಾಸಿನಲ್ಲಿ ಎರಡು ದಾರಿಗಳು ಒಂದನ್ನೊಂದು ದಾಟಿ ಹೋಗಬಲ್ಲವು.

4

ಈಗ ನಮ್ಮ ಮಾತು. ಗಡಿನಾಡಿನ ಕನ್ನಡ ಬರವಣಿಗೆಯಲ್ಲಿ ನಮಗಾದ ಅನ್ಯಾಯದ ಕಥನ ಬೇಕಾದಷ್ಟಿದೆ. ಅದು ನ್ಯಾಯವಾದದ್ದೂ ಹೌದು. ಮಹಾಜನ ಆಯೋಗದ ವರದಿ 1967ರಲ್ಲಿ ಬಂದದ್ದು. ಅದರ ನೆನಪಿಲ್ಲದ ಸಂಚಿಕೆ ನಮ್ಮಲ್ಲಿ ಅಪರೂಪ. ನೆಲದ ಸೊಬಗು, ಹಿರಿಯರ ತ್ಯಾಗ, ಕಲೆಗಳ ಕೀರ್ತನೆ, ಇವೂ ಸಾಕಷ್ಟಿವೆ. ಕಡಮೆ ಇರುವುದು ಸಾಂಡೆಮೋಸೆಯ ಬಗೆಯ ನೋಟ. ಪರರು ನಮಗೆ ಮಾಡಿದ್ದನ್ನು ಬರೆದೆವು. ನಾವು ನಮಗೆ ಮಾಡಿಕೊಂಡದ್ದನ್ನು ಬರೆಯಲಿಲ್ಲ.

ನಮ್ಮಲ್ಲಿಯೂ ಒಂದು ಯಾಂಟೆ ಇದೆ. ಬೆಂಗಳೂರಿಗೆ ಹೋದರೆ ನಮ್ಮ ಮಾತು ಪುಸ್ತಕದ ಕನ್ನಡವೆಂದು ನಗುತ್ತಾರೆ, ಬೇಸರಪಡುತ್ತೇವೆ. ಅಲ್ಲಿ ನಾಲ್ಕು ವರ್ಷವಿದ್ದು ಬಂದ ಹುಡುಗ ಅಲ್ಲಿಯ ಧಾಟಿಯಲ್ಲಿ ಮಾತಾಡಿದರೆ ಮದುವೆಯ ಊಟದ ಪಂಕ್ತಿಯಲ್ಲಿ ನಾವೇ ನಗುತ್ತೇವೆ. ಮಗಳನ್ನು ಮಲಯಾಳ ಮಾಧ್ಯಮಕ್ಕೆ ಸೇರಿಸಿದ ತಂದೆ ಸಂಘದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಯಾರೂ ಹಾಗೆ ಹೇಳಿದ್ದಲ್ಲ, ಬರೆಯದ ಕಟ್ಟಳೆ.

ಅನೇಕ ವರ್ಷಗಳ ಹಿಂದೆ ನಮ್ಮೂರಿನ ಯುವಕನೊಬ್ಬ ಮಲಯಾಳದಲ್ಲಿ ಕಥೆ ಬರೆದನು. ಮನೆಮಾತು ತುಳು, ಓದಿದ್ದು ಕನ್ನಡ, ಬರೆದದ್ದು ಮಲಯಾಳ. ಕಥೆ ನಮ್ಮದೇ ಊರಿನದು. ನಮ್ಮದೇ ಗುಡ್ಡ, ನಮ್ಮದೇ ಜಗಳಗಳು. ಅವನು ಪತ್ರಿಕೆಯನ್ನು ಹಿಡಿದುಕೊಂಡು ಸಂಘದ ಜಗಲಿಗೆ ಬಂದ ಸಂಜೆ ಯಾರೋ ಒಬ್ಬರು, 'ಏನಪ್ಪ, ಆಚೆ ದಡ ಸೇರಿದೆಯಾ?' ಎಂದರು. ಜಗಲಿಯೆಲ್ಲ ನಕ್ಕಿತು. ಆ ನಗುವಿನಲ್ಲಿ ನನ್ನ ಪಾಲೂ ಇತ್ತು. ಅವನು ಪತ್ರಿಕೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡನು. ಆಮೇಲೆ ಅವನು ಆ ಜಗಲಿಗೆ ಬಂದದ್ದನ್ನು ನಾನು ಕಂಡಿಲ್ಲ. ಆ ಕಥೆಯನ್ನು ನಾನು ಓದಿದ್ದು ಬಹಳ ಕಾಲದ ಮೇಲೆ, ಅಕ್ಷರ ಕೂಡಿಸಿ ಕೂಡಿಸಿ. ನಮ್ಮ ಊರನ್ನು ಅಷ್ಟು ಚೆನ್ನಾಗಿ ಕಂಡ ಕಥೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಸಾಂಡೆಮೋಸೆ ಪಕ್ಕದ ಭಾಷೆಗೆ ಸರಿದು ತನ್ನೂರಿನ ಸತ್ಯವನ್ನು ಹೇಳಿದನೆಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಡಚಿದ ಪತ್ರಿಕೆ.

ಕನ್ನಡವನ್ನು ಉಳಿಸುವ ಹೊಣೆ ನಮ್ಮ ಮೇಲಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹೆಕ್ಸ್ ಆಟದಂತೆ ಆಡಿದರೆ ನಮ್ಮ ಕಾಯಿಗಳೇ ನಮ್ಮ ಮಕ್ಕಳ ದಾರಿಗೆ ಅಡ್ಡವಾಗಿ ನಿಲ್ಲುತ್ತವೆ. ಬಾಬೆಟ್ಟೆಯ ಮೇಜಿನಂತೆ ನಮ್ಮ ಸಂಘದ ಪಂಕ್ತಿಯೂ ಇರಬೇಕು; ಯಾವ ಕಡೆಯ ವಿದ್ಯೆ ಬಂದರೂ ಎಲೆ ಹಾಕಿ ಬಡಿಸಬೇಕು. ಮಲಯಾಳದಲ್ಲಿ, ಇತರ ಗಡಿಗಳಲ್ಲಿ ಮರಾಠಿ, ತೆಲುಗು, ತಮಿಳುಗಳಲ್ಲಿ ಬರೆಯುವ ನಮ್ಮ ಮಕ್ಕಳ ಒಂದೊಂದು ಬರಹವನ್ನಾದರೂ ಕನ್ನಡಕ್ಕೆ ತಂದು ಮುಂದಿನ ಸಮ್ಮೇಳನದ ಸಂಚಿಕೆಯಲ್ಲಿ ಅಚ್ಚು ಹಾಕುವಂತಾಗಲಿ. ಆ ಮಲಯಾಳ ಕಥೆಯ ಅನುವಾದಕ್ಕೆ ನಾನು ತೊಡಗಿದ್ದೇನೆ. ಪ್ರಕಟಣೆಗೆ ಅನುಮತಿ ಕೇಳಲು ಅವನ ಮನೆಗೆ ಹೋಗಬೇಕಾಗಿದೆ. ಆ ಸಂಜೆಯ ನಗುವಿಗೂ ಅಲ್ಲಿಯೇ ಕ್ಷಮೆ ಕೇಳಬೇಕೆಂದಿದ್ದೇನೆ.